ಫಟೋರ್ಡಾಕ್ಕೆ ಫುಟ್‌ಬಾಲ್ ನೋಡಲು ಹೊರಟೀರಾ? ಮೊದಲು ಊರಿನ ಕೊನೆ ಬಸ್ ಟೈಮ್ ಕೇಳಿ

ಇವತ್ತು ಫುಟ್‌ಬಾಲ್ ಬಗ್ಗೆ ಮಾತಾಡೋಣ. ಆಟದ ಬಗ್ಗೆ ಅಲ್ಲ, ಆಟ ನೋಡಿ ಸುರಕ್ಷಿತವಾಗಿ ಮನೆಗೆ ಬರೋದರ ಬಗ್ಗೆ.

ನಮ್ಮೂರು ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿ. ನಮಗೆ ಹತ್ತಿರದ ಅಂತರರಾಷ್ಟ್ರೀಯ ಫುಟ್‌ಬಾಲ್ ಅಂದ್ರೆ ಗೋವಾದ ಮಡಗಾಂವ್‌ನ ಫಟೋರ್ಡಾ ಸ್ಟೇಡಿಯಂ. 2017ರ 17 ವರ್ಷದೊಳಗಿನವರ ವಿಶ್ವಕಪ್ ಪಂದ್ಯಗಳು ಅಲ್ಲಿ ನಡೆದವು. 2022ರಲ್ಲಿ ಹುಡುಗಿಯರ ವಿಶ್ವಕಪ್‌ನ ಎರಡೂ ಸೆಮಿಫೈನಲ್ ಅಲ್ಲೇ ಆದವು.

2017ರ ಅಕ್ಟೋಬರ್ 10ರಂದು ಇರಾನ್ ಜರ್ಮನಿಯನ್ನು 4–0ಯಿಂದ ಸೋಲಿಸಿದಾಗ ನಾನು ಗ್ಯಾಲರಿಯಲ್ಲಿದ್ದೆ. ಕೂಗಿ ಕೂಗಿ ಗಂಟಲು ಹೋಗಿತ್ತು. ಹೊರಗೆ ಬಂದಾಗ ಫೋನ್ ಆಫ್, ವಾಪಸ್ ಟಿಕೆಟ್ ಇಲ್ಲ. ರಾತ್ರಿ ಸ್ಟೇಷನ್ನಿನಲ್ಲೇ ಕಳೆದೆ. ಮರುದಿನ ಮುಂಡರಗಿ ಮುಟ್ಟುವಷ್ಟರಲ್ಲಿ ಊರಿನ ಕೊನೆ ಬಸ್ ಹೋಗಿತ್ತು. ಟಂಟಂ ಒಂದರಲ್ಲಿ ಮಧ್ಯರಾತ್ರಿ ಮನೆಗೆ ಬಂದರೆ ಅವ್ವ ಕಟ್ಟೆ ಮೇಲೆ ಕೂತಿದ್ದಳು. ಎರಡು ರಾತ್ರಿ ಮಲಗಿರಲಿಲ್ಲ ಆಕಿ. ಬೈಲಿಲ್ಲ, ಅದೇ ಜಾಸ್ತಿ ನೋವಾತು.

ಅದಕ್ಕೇ ಹೇಳೋದು, ಪ್ಲ್ಯಾನ್ ಹಿಂದಿನಿಂದ ಮಾಡ್ರಿ. ಮೊದಲು ಊರಿನ ಕೊನೆ ಬಸ್, ಆಮೇಲೆ ಗದಗ, ಆಮೇಲೆ ಹುಬ್ಬಳ್ಳಿ. ರೈಲಿನ ಟೈಮ್ ಆ್ಯಪ್‌ನಲ್ಲಿ ಸಿಗತೈತಿ. ಹಳ್ಳಿ ಬಸ್ಸಿನ ಟೈಮ್ ಕಂಡಕ್ಟರ್ ಬಾಯಲ್ಲೇ ಕೇಳಬೇಕು.

ಗದಗದಿಂದ ಅಮರಾವತಿ ಎಕ್ಸ್‌ಪ್ರೆಸ್ ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್ ದಾಟಿ ನೇರ ಮಡಗಾಂವ್‌ಗೆ ಹೋಗುತ್ತದೆ. ಆದ್ರೆ ದಿನಾ ಇಲ್ಲ, ವಾರ ನೋಡಿ ಬುಕ್ ಮಾಡಿ. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗೆ ಕಡಿದಾದ ಘಾಟ್, ರೈಲು ನಿಧಾನ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಸಂಚಾರವೇ ನಿಲ್ಲಬಹುದು. ಪಂದ್ಯದ ದಿನವೇ ಮುಟ್ಟುವ ಲೆಕ್ಕ ಹಾಕಿದ್ರೆ ನಾಲ್ಕೈದು ತಾಸು ಕೈಯಲ್ಲಿ ಇಟ್ಕೊಳ್ಳಿ.

ಹುಡುಗಿಯರಿಗೆ ಒಂದು ಮಾತು. ಶಕ್ತಿ ಯೋಜನೆ ಅಂತರರಾಜ್ಯ ಬಸ್ಸಿಗೆ ನಡೆಯೋದಿಲ್ಲ. ಆದ್ರೆ ಗದಗ, ಹುಬ್ಬಳ್ಳಿ, ಯಲ್ಲಾಪುರ ಮೇಲೆ ಕಾರವಾರದವರೆಗೆ ರಾಜ್ಯದೊಳಗಿನ ಸಾಮಾನ್ಯ, ವೇಗದೂತ ಬಸ್‌ನಲ್ಲಿ ಉಚಿತ. ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯೋದು ಮರೀಬೇಡಿ. ಕಾರವಾರದಿಂದ ಮಡಗಾಂವ್‌ಗೆ ಕದಂಬ ಬಸ್ ಹಿಡಿದರೆ ಆ ಒಂದು ಹಂತಕ್ಕೆ ಮಾತ್ರ ಖರ್ಚು.

ಕದಂಬ ಬಸ್ ನಿಲ್ದಾಣದಿಂದ ಸ್ಟೇಡಿಯಂಗೆ ನಡೆದೇ ಹೋಗಬಹುದು. ರೈಲು ನಿಲ್ದಾಣದಿಂದಾದರೆ ಬೈಕ್ ಟ್ಯಾಕ್ಸಿ ಇದೆ, ಅಲ್ಲಿ 'ಪೈಲಟ್' ಅಂತಾರೆ. ಹತ್ತುವ ಮೊದಲೇ ದರ ಮಾತಾಡಿ. ಬೆಂಗಳೂರಿನ ಹಾಗೆ ಓಲಾ, ಊಬರ್ ನಂಬಿಕೊಂಡು ಹೋಗಬೇಡಿ.

ಸ್ಟೇಡಿಯಂ ಗೇಟ್‌ನಲ್ಲಿ ಸಾಮಾನ್ಯವಾಗಿ ನೀರಿನ ಬಾಟಲಿ, ಪವರ್‌ಬ್ಯಾಂಕ್ ಬಿಡೋದಿಲ್ಲ. ಟಿಕೆಟ್ ಇರೋದೇ ಫೋನ್‌ನಲ್ಲಿ. ಹಂಗಾಗಿ ಪೂರ್ತಿ ಚಾರ್ಜ್ ಮಾಡಿ ಹೋಗಿ, ರೀಲ್ಸ್ ಕಡಿಮೆ ಮಾಡಿ. ಮನೆಯ ಒಂದು ನಂಬರ್ ಕಾಗದದಲ್ಲಿ ಬರೆದು ಜೇಬಿನಲ್ಲಿಡಿ. ರಾತ್ರಿ ಪಂದ್ಯವಾದರೆ ವಾಪಸ್ ಸೀಟು ಅಥವಾ ಉಳಿಯೋ ಜಾಗ, ಎರಡರಲ್ಲಿ ಒಂದು ಮೊದಲೇ ಬುಕ್ ಆಗಿರಲಿ.

ಕೊನೆಯದು. 2025ರ ಅಕ್ಟೋಬರ್ 22ರಂದು ಎಎಫ್‌ಸಿ ಚಾಂಪಿಯನ್ಸ್ ಲೀಗ್ ಟು ಪಂದ್ಯಕ್ಕೆ ಸೌದಿಯ ಅಲ್ ನಸ್ರ್ ತಂಡ ಫಟೋರ್ಡಾಕ್ಕೆ ಬಂತು, ರೊನಾಲ್ಡೊ ಬರಲಿಲ್ಲ. ಆದರೂ ಎಫ್‌ಸಿ ಗೋವಾ 1–2ರಿಂದ ಸೋತ ಆ ಆಟ ಚೆನ್ನಾಗೇ ಇತ್ತು. ಒಬ್ಬ ಆಟಗಾರನ ಹೆಸರಿಗೆ ಅಪ್ಪನ ಶೇಂಗಾ ರೊಕ್ಕ ಸುರೀಬೇಡ್ರಿ. ಆಟ ನೋಡೋಕೆ ಹೋಗ್ರಿ.

ನಿಮ್ಮೂರಿನ ಕೊನೆ ಬಸ್ ಎಷ್ಟಕ್ಕೆ? ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.