ಗೋಪುರವಿಲ್ಲದ ವಿಮಾನ ನಿಲ್ದಾಣದಲ್ಲಿ ಮಾತಿನ ಎಚ್ಚರ

ಹಾಜರಿ ಕರೆಯುವಾಗ ಒಬ್ಬಳ ಹೆಸರಿಗೆ ಪಕ್ಕದವಳು ಓಗೊಡುತ್ತಿದ್ದುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ತರಗತಿಯಲ್ಲಿ ಅದು ನಗೆಯ ಮಾತು. ವಿಮಾನದ ದಾರಿಯಲ್ಲಾದರೋ ಅಂಥದೊಂದು ಉತ್ತರವು ಹದಿನಾಲ್ಕು ಜನರ ಮರಣಕ್ಕೆ ಒಂದು ಕಾರಣವಾಯಿತು. ಇಂದು ನಮ್ಮ ಹೆಣ್ಣುಮಕ್ಕಳೂ ವಿಮಾನ ನಡಿಸಲು ಕಲಿಯುತ್ತಿರುವುದರಿಂದ ತಾಯಿತಂದೆಗಳೂ ಈ ವಿಷಯವನ್ನು ತಿಳಿದಿರುವುದು ಯುಕ್ತವೇ.

ದೊಡ್ಡ ನಿಲ್ದಾಣಗಳಲ್ಲಿ ಎತ್ತರವಾದ ಗೋಪುರದೊಳಗೆ ಅಧಿಕಾರಿಗಳು ಕುಳಿತು, ಯಾವ ವಿಮಾನವು ಇಳಿಯತಕ್ಕದ್ದು, ಯಾವುದು ಏಳತಕ್ಕದ್ದು ಎಂದು ರೇಡಿಯೋ ಮೂಲಕ ಅಪ್ಪಣೆ ಕೊಡುವರು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಗೋಪುರವಿಲ್ಲದ ನಿಲ್ದಾಣಗಳೇ ಬಹಳ. ಅಲ್ಲಿ ಅಪ್ಪಣೆ ಕೊಡುವವರಿಲ್ಲ. ಚಾಲಕರೆಲ್ಲರೂ ಗೊತ್ತುಮಾಡಿದ ಒಂದೇ ಅಲೆಯಲ್ಲಿ ತಾವಿರುವ ಸ್ಥಳವನ್ನೂ ಮಾಡಲಿರುವ ಕಾರ್ಯವನ್ನೂ ಸುಮಾರು 10 ಮೈಲು ದೂರದಿಂದಲೇ ತಾವಾಗಿ ಸಾರುತ್ತ ಬರಬೇಕು. ನೆರೆಯ ನಿಲ್ದಾಣಕ್ಕೂ ಅದೇ ಅಲೆ ಇರಬಹುದಾದುದರಿಂದ ಊರಿನ ಹೆಸರನ್ನು ಮಾತಿನ ಮೊದಲಲ್ಲಿಯೂ ಕೊನೆಯಲ್ಲಿಯೂ ಹೇಳುವರು. ಇಬ್ಬರು ಏಕಕಾಲದಲ್ಲಿ ಮಾತಾಡಿದರೆ ಕೇಳುವವರಿಗೆ ಕಿರುಚಿದಂಥ ಸದ್ದಲ್ಲದೆ ಬೇರೇನೂ ತಿಳಿಯದು. ಆದಕಾರಣ ಮೊದಲು ಕಿವಿಗೊಟ್ಟು ಅನಂತರ ಬಾಯಿ ತೆರೆಯತಕ್ಕದ್ದು.

1996ನೆಯ ಇಸವಿ ನವೆಂಬರ್ 19ರ ಸಂಜೆ ಇಲಿನಾಯ್ ಸಂಸ್ಥಾನದ ಕ್ವಿನ್ಸಿ ನಿಲ್ದಾಣಕ್ಕೆ ಬೀಚ್ 1900 ಎಂಬ ವಿಮಾನವು ಬರುತ್ತಲಿತ್ತು. ಅದರಲ್ಲಿ ಹತ್ತು ಮಂದಿ ಪ್ರಯಾಣಿಕರೂ ಇಬ್ಬರು ಚಾಲಕರೂ ಇದ್ದರು. ಅದು ಇಳಿಯುವ ಓಡುದಾರಿಗೆ ಇನ್ನೊಂದು ಓಡುದಾರಿಯು ಅಡ್ಡಹಾಯುತ್ತಿತ್ತು. ಆ ಎರಡನೆಯದರಲ್ಲಿ ಹೊರಡಲು ಕಿಂಗ್ ಏರ್ ಎಂಬ ವಿಮಾನವೂ, ಅದರ ಹಿಂದೆ ಚೆರೋಕೀ ಎಂಬ ಇನ್ನೂ ಚಿಕ್ಕ ವಿಮಾನವೂ ಸಿದ್ಧವಾಗಿದ್ದವು. ನೀವು ನಿಲ್ಲುವಿರೋ ಹೊರಡುವಿರೋ ಎಂದು ಬರುವವರು ಕೇಳಿದರು. ಕಿಂಗ್ ಏರ್‌ನವರು ಸುಮ್ಮನಿದ್ದರು. ಹಿಂದಿದ್ದ ಚೆರೋಕೀಯ ಚಾಲಕನು ತಾನು ಕಾದಿರುವೆನೆಂದನು. ಅವನ ಮಾತಿನಲ್ಲಿ ಕಿಂಗ್ ಏರ್ ಎಂಬ ಹೆಸರೂ ಬಂದಿತು. ಅಷ್ಟರಲ್ಲಿ ಬೀಚ್ ವಿಮಾನದೊಳಗಿನ ಎತ್ತರ ತಿಳಿಸುವ ಯಂತ್ರವು ಕೂಗಿ ನಡುವಿನ ಮಾತನ್ನು ಮುಚ್ಚಿತು. ಕಿಂಗ್ ಏರ್‌ನವರೇ ನಿಂತಿರುವರೆಂದು ಭಾವಿಸಿ, ಉಪಕಾರವೆಂದು ಹೇಳಿ ಇವರು ಇಳಿದರು. ಕಿಂಗ್ ಏರ್ ಏನನ್ನೂ ಸಾರದೆ ಓಡತೊಡಗಿತ್ತು. ದಾರಿಗಳು ಕೂಡುವಲ್ಲಿ ಡಿಕ್ಕಿಯಾಗಿ ಬೆಂಕಿ ಹತ್ತಿತು. ಬೀಚ್ ವಿಮಾನದವರು ಡಿಕ್ಕಿಯಿಂದ ಸತ್ತವರಲ್ಲ. ಓಡಿಬಂದವರು ಎಷ್ಟು ಯತ್ನಿಸಿದರೂ ಬಾಗಿಲು ತೆರೆಯಲಿಲ್ಲ. ಒಳಗಿದ್ದವರು ಹೊಗೆಯಲ್ಲಿ ಮಡಿದರು. ಕಿಂಗ್ ಏರ್‌ನಲ್ಲಿದ್ದ ಇಬ್ಬರೂ ಉಳಿಯಲಿಲ್ಲ.

ಕಿಂಗ್ ಏರ್‌ನವರು ರೇಡಿಯೋವಿಗೆ ಕಿವಿಗೊಡದೆಯೋ ಸುತ್ತಲೂ ಸರಿಯಾಗಿ ನೋಡದೆಯೋ ಇದ್ದುದೇ ಮುಖ್ಯ ಕಾರಣವೆಂದೂ, ಚೆರೋಕೀಯವನ ತುಂಡಾದ ಉತ್ತರವು ಅದಕ್ಕೆ ಸಹಾಯವಾಯಿತೆಂದೂ ಆ ದೇಶದ ಸಾರಿಗೆ ಸುರಕ್ಷತಾ ಮಂಡಲಿಯು ತೀರ್ಮಾನಿಸಿತು. ಅವನು ತನ್ನ ವಿಮಾನದ ಸಂಖ್ಯೆಯನ್ನು ಹೇಳಿಯೇ ಇದ್ದನು. ಆದರೆ ಇಳಿಯುವ ಅವಸರದಲ್ಲಿ ಸಂಖ್ಯೆಯನ್ನು ಗಮನಿಸುವವರು ಯಾರು? ಉಪಕಾರವೆಂಬ ಮಾತು ಕೇಳಿದಾಗಲಾದರೂ, ನಿಮಗೆ ಉತ್ತರ ಕೊಟ್ಟವನು ಹಿಂದಿನವನು ಎಂದು ತಿಳಿಸಿದ್ದರೆ ಎಷ್ಟೋ ಚೆನ್ನಾಗಿತ್ತೆಂದು ನಮಗೆ ತೋರುವುದು.

ಅಂಥ ಅನೇಕ ನಿಲ್ದಾಣಗಳಲ್ಲಿ ರೇಡಿಯೋ ಇಲ್ಲದ ವಿಮಾನಗಳೂ ಹಾರಬಹುದೆಂಬುದನ್ನು ಇಲ್ಲಿ ಸೇರಿಸಿ ಹೇಳಬೇಕು. ಆದುದರಿಂದ ಅಲೆಯಲ್ಲಿ ಯಾವ ದನಿಯೂ ಇಲ್ಲದಿರುವಾಗಲೂ, ಓಡುದಾರಿಗೆ ಕಾಲಿಡುವ ಮುನ್ನ ಚಾಲಕನು ಇಳಿಯುವ ದಿಕ್ಕನ್ನೂ ಅಡ್ಡದಾರಿಯನ್ನೂ ಕಣ್ಣಾರೆ ನೋಡಿಕೊಳ್ಳತಕ್ಕದ್ದು.