ಹೊಳೆದಂಡೆಯಲ್ಲಿ ಒಂದು ರಾತ್ರಿ

ರಜೆ ಬಂತೆಂದರೆ ತವರುಮನೆ, ಇಲ್ಲವೇ ದೇವಸ್ಥಾನ. ಎಲ್ಲಿಗೆ ಹೋದರೂ ಒಲೆ ಮಾತ್ರ ನಮ್ಮ ಬೆನ್ನು ಬಿಡೋದಿಲ್ಲ, ಅಲ್ವೇ? ಈ ಸಲ ಮನೆಯವರ ಕಿವಿಗೆ ಗಾಳಿಬೋರೆಯ ಹೆಸರು ಹಾಕಿ ನೋಡಿ.

ವಿರೂಪಾಕ್ಷಿಪುರ, ಚನ್ನಪಟ್ಟಣದ ಕಡೆಯವರಿಗೆ ಇದು ದೂರದ ದೇಶವೇನಲ್ಲ. ಕನಕಪುರ ದಾಟಿ ಸಂಗಮದ ಹಾದಿ ಹಿಡಿಯಬೇಕು. ಅರ್ಕಾವತಿ ಕಾವೇರಿಯನ್ನು ಸೇರುವ ಆ ಜಾಗದಿಂದ ಮುಂದೆ ಕಾಡಿನ ಮಣ್ಣುದಾರಿ. 1987ರಲ್ಲಿ ಘೋಷಿಸಿದ ಕಾವೇರಿ ವನ್ಯಧಾಮದೊಳಗೆ, ಹೊಳೆಯ ದಡದಲ್ಲೇ, ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಡೇರೆಗಳಿವೆ. ಮುಂಚೆಯೇ ಕಾಯ್ದಿರಿಸಬೇಕು. ಊಟ, ತಿಂಡಿ, ಕಾಫಿ ಎಲ್ಲಾ ಅವರದೇ. ಹೊಳೆಮತ್ತಿ ಮರದ ನೆರಳಲ್ಲಿ ಸುಮ್ಮನೆ ಕೂರುವುದಷ್ಟೇ ನಿಮ್ಮ ಕೆಲಸ!

ಆದರೆ ಒಂದು ಮಾತು, ಮರೀಬೇಡಿ. ಮೇಲೆ ಶಾಂತವಾಗಿ ಕಾಣುವ ಈ ಹೊಳೆಯನ್ನು ನಂಬಿ ಮಕ್ಕಳನ್ನು ನೀರಿಗೆ ಬಿಡಬೇಡಿ. ತಳದ ಬಂಡೆಗಳಲ್ಲಿ ನೀರೇ ಕೊರೆದ ಗುಂಡಿಗಳಿವೆ, ಪಾಚಿಯಿದೆ, ಮೊಸಳೆಗಳೂ ಉಂಟು. ಇಲ್ಲಿ ಒಂದು ಹನಿ ಮಳೆ ಬೀಳದಿದ್ದರೂ, ಮೇಲೆ ಕೃಷ್ಣರಾಜಸಾಗರದಲ್ಲೋ ಕಬಿನಿಯಲ್ಲೋ ಬಾಗಿಲು ತೆಗೆದರೆ ನೀರು ಏರುತ್ತದೆ. ಮೇಕೆದಾಟು ನೋಡಲು ಹೋದಾಗಲೂ ಅಷ್ಟೇ. ಫೋಟೋದ ಆಸೆಗೆ ಬಂಡೆಯ ಅಂಚಿಗೆ ಹೋಗಬಾರದು. ತೆಪ್ಪ ಹತ್ತುವುದಾದರೆ ರಕ್ಷಣಾ ಅಂಗಿಯೊಂದೇ ಸಾಲದು, ಅಂಬಿಗ ಹೇಳಿದಂತೆ ಕೂರಬೇಕು.

ಟಾರ್ಚ್, ಸ್ವೆಟರ್, ಸೊಳ್ಳೆ ಮುಲಾಮು ಇಟ್ಟುಕೊಳ್ಳಿ. ಚಕ್ಕುಲಿ, ಕೋಡುಬಳೆ ಡಬ್ಬಿಗಳ ಮುಚ್ಚಳ ಬಿಗಿಯಾಗಿರಲಿ, ಕೋತಿಗಳ ಕಾಟವಿದೆ. ಕತ್ತಲಾದ ಮೇಲೆ ಆನೆಗಳು ನೀರಿಗೆ ಇಳಿಯುವ ತಾಣವಿದು; ಡೇರೆ ಬಿಟ್ಟು ಒಂಟಿಯಾಗಿ ಹೊರಡಬೇಡಿ.

ಇಷ್ಟು ಎಚ್ಚರವಿದ್ದರೆ ಸಾಕು. ಬೆಳಗಾಗೆದ್ದು, ಯಾರೋ ಕೈಗಿತ್ತ ಬಿಸಿ ಕಾಫಿ ಕುಡಿಯುತ್ತಾ ಹೊಳೆ ನೋಡುವ ಸುಖ ನಿಮಗೂ ಒಮ್ಮೆ ಸಿಗಲಿ.