ಗಾಯನವೃಂದದ ಗಿಟಾರಿಗೆ ಪೆಡಲ್‌ಬೋರ್ಡ್: ಕೊಳ್ಳುವುದೋ, ಮಾಡಿಸುವುದೋ?

ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯಮಾತೆಯ ಮಹೋತ್ಸವ. ಇಂಥ ಜನಸಂದಣಿಯ ಹಬ್ಬಗಳಲ್ಲಿ ಗಿಟಾರಿನ ಪೆಡಲ್‌ಗಳು ನೆಲದ ಮೇಲೆ ಚೆಲ್ಲಾಪಿಲ್ಲಿಯಾಗಿದ್ದರೆ ಯಾರದೋ ಕಾಲು ತಾಗಿ ವಯರು ಕಳಚುತ್ತದೆ, ಗೀತೆಯ ನಡುವೆ ಗಿಟಾರ್ ಮೌನವಾಗುತ್ತದೆ. ಎಲ್ಲವನ್ನೂ ಒಂದೇ ಹಲಗೆಗೆ ಭದ್ರಪಡಿಸುವುದೇ ಪೆಡಲ್‌ಬೋರ್ಡ್.

ಮೊದಲು ಅಳತೆ. ಬಾಸ್ ಕಂಪೆನಿಯ ಚಿಕ್ಕ ಪೆಡಲ್ ಸುಮಾರು 7 ಸೆಂ.ಮೀ. ಅಗಲ, 13 ಸೆಂ.ಮೀ. ಉದ್ದ. ನಡುವೆ ಪ್ಲಗ್ಗಿಗೆ 3 ಸೆಂ.ಮೀ. ಬಿಟ್ಟರೂ ಐದು ಪೆಡಲ್‌ಗಳಿಗೆ 60 ಸೆಂ.ಮೀ. ಹಲಗೆ ಧಾರಾಳ. ಸ್ಥಳೀಯ ಬಡಗಿಯಿಂದ 12 ಮಿ.ಮೀ. ಪ್ಲೈವುಡ್ಡಿನಲ್ಲಿ ಮಾಡಿಸಿ, ಹಿಂಬದಿಯನ್ನು ತುಸು ಎತ್ತರಿಸಿ, ಪೆಡಲ್‌ಗಳನ್ನು ವೆಲ್ಕ್ರೋ ಪಟ್ಟಿಯಿಂದ ಕೂರಿಸಬಹುದು. ದಾವಣಗೆರೆ-ಹರಿಹರ ನಡುವೆ ಬಸ್ಸಿನಲ್ಲೇ ಓಡಾಡುವವರಿಗೆ ಚೀಲಸಹಿತ ಸಿಗುವ ಹಗುರ ಅಲ್ಯೂಮಿನಿಯಂ ಬೋರ್ಡ್ ಅನುಕೂಲ.

ಜಿಪುಣತನ ಸಲ್ಲದ ಜಾಗ ವಿದ್ಯುತ್ತು. ಹೆಚ್ಚಿನ ಪೆಡಲ್‌ಗಳಿಗೆ 9 ವೋಲ್ಟ್ ಡಿ.ಸಿ. ಬೇಕು, ಪ್ಲಗ್ಗಿನ ನಡುಭಾಗ ಸಾಮಾನ್ಯವಾಗಿ ನೆಗೆಟಿವ್. ಪ್ರತಿ ಪೆಡಲ್‌ಗೆ ಬೇಕಾದ ಮಿಲಿ ಆಂಪಿಯರ್ ಕೂಡಿಸಿ, ಅದಕ್ಕಿಂತ ಹೆಚ್ಚು ಸಾಮರ್ಥ್ಯದ ಅಡಾಪ್ಟರ್ ಆರಿಸಿರಿ. ಡಿಜಿಟಲ್ ಡಿಲೇಯನ್ನು ಓವರ್‌ಡ್ರೈವ್ ಜೊತೆ ಒಂದೇ ಸರಪಳಿ ವಯರಿಗೆ ಸಿಕ್ಕಿಸಿದರೆ ಸ್ಪೀಕರಿನಲ್ಲಿ ಗುಂಯ್ ಸದ್ದು ಬರಬಹುದು. ಪ್ರತ್ಯೇಕ ಔಟ್‌ಲೆಟ್‌ಗಳುಳ್ಳ ಸಪ್ಲೈ ಇದಕ್ಕೆ ಪರಿಹಾರ.

ಗಿಟಾರಿನಿಂದ ಟ್ಯೂನರ್, ಓವರ್‌ಡ್ರೈವ್, ಕೋರಸ್, ಡಿಲೇ, ರಿವರ್ಬ್ ಎಂಬುದು ರೂಢಿಯ ಕ್ರಮ.

ಹಣ ಸಾಲದಿದ್ದರೆ ಹಲಗೆಯನ್ನು ಮಾಡಿಸಿರಿ, ಒಳ್ಳೆಯ ಪವರ್ ಸಪ್ಲೈ ಕೊಳ್ಳಿರಿ.